ನಾಲ್ಕು ಸೆಂಟಿಮೀಟರ್ ಮನುಷ್ಯರ ಕೈಗೊಂದು ತಿಂಡಿ

ಬೆಂಡೆಕಾಯಿ ತಗೊಳ್ಳುವಾಗ ತುದಿ ಮುರಿದು ನೋಡ್ತೀವಲ್ಲ, ಅದೇ ಚಾಳಿಯನ್ನು ನಾನು ಆಟಿಕೆ ಅಂಗಡಿಗೂ ಒಯ್ದವನು. 2013ರಿಂದ ಮೂರು ವರ್ಷ ಕೆಲಸದ ಮೇಲೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೆವು. ಶನಿವಾರ ಬಂತೆಂದರೆ ಸೂಪರ್‌ಮಾರ್ಕೆಟ್ಟಿನ ಒಂದು ಮೂಲೆಯಲ್ಲಿ ನಿಂತು, ಅಂಗೈಯಗಲದ ಪೊಟ್ಟಣಗಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಒತ್ತಿ ನೋಡುವುದೇ ನನ್ನ ಕೆಲಸ. ಒಳಗೆ ಯಾರಿದ್ದಾರೆ ಅಂತ ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಮಜಾ ಇರುವುದೂ ಅಲ್ಲೇ, ಕಾಟ ಇರುವುದೂ ಅಲ್ಲೇ.

ಲೆಗೋ ಅಂದರೆ ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳ ಆಟಿಕೆ. ಅದರ ಮಿನಿಫಿಗರ್ ಅಂದರೆ ಹಳದಿ ಮುಖದ, ಬಗ್ಗುವ ಕಾಲಿನ, ನಾಲ್ಕು ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಮನುಷ್ಯ. ಡೆನ್ಮಾರ್ಕಿನ ಬಿಲ್ಲುಂಡ್‌ನಲ್ಲಿ ಯೆನ್ಸ್ ನ್ಯೂಗೋರ್ ಕ್ನುಡ್ಸನ್ ಎಂಬ ವಿನ್ಯಾಸಕ ಅದನ್ನು ಮಾಡಿದರು. 1978ರಿಂದ ಅದು ಅಂಗಡಿಯಲ್ಲಿದೆ. 2010ರಲ್ಲಿ ಕಂಪನಿಯವರು ಒಂದೊಂದೇ ಮನುಷ್ಯನನ್ನು ಮುಚ್ಚಿದ ಪೊಟ್ಟಣದಲ್ಲಿ ಹಾಕಿ ಮಾರಲು ಶುರು ಮಾಡಿದರು. ಆಗ ಒಂದು ಸೀರೀಸ್‌ಗೆ ಸಾಮಾನ್ಯವಾಗಿ ಹದಿನಾರು ಮಂದಿ. ನಿಮಗೆ ಯಾರು ಸಿಗುತ್ತಾರೋ ಅದು ನಿಮ್ಮ ಹಣೆಬರಹ. ಮೊದಲೆರಡು ಸೀರೀಸ್‌ನಲ್ಲಿ ಒಬ್ಬೊಬ್ಬನಿಗೂ ಬೇರೆ ಬೇರೆ ಬಾರ್‌ಕೋಡ್ ಇತ್ತಂತೆ. ಜನ ಆ ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಬೇಕಾದವರನ್ನು ಆರಿಸುತ್ತಿದ್ದರು. ಆಮೇಲೆ ಅದು ನಿಂತಿತು. ಉಳಿದದ್ದು ಬೆರಳು ಮಾತ್ರ.

ನಾನು ಎಲ್ಲವನ್ನೂ ಕೂಡಿಡುವವನಲ್ಲ. ದುಡ್ಡೂ ಇಲ್ಲ, ಜಾಗವೂ ಇಲ್ಲ. ನಮ್ಮ ಮನೆಯ ನಿಯಮ ಒಂದೇ. ಕೈಯಲ್ಲಿ ತಿನ್ನುವ ವಸ್ತು ಇರಬೇಕು, ಇಲ್ಲವಾದರೆ ಅವನೇ ತಿನ್ನುವ ವಸ್ತು ಆಗಿರಬೇಕು. ಈ ನಿಯಮ ಮಾಡಿದ್ದು ನನ್ನ ಮಗಳು. ಆಗ ಅವಳಿಗೆ ನಾಲ್ಕು ವರ್ಷ.

ಆದದ್ದು ಹೀಗೆ. ಲೀಡ್ಸ್‌ನ ಮಿಲೇನಿಯಂ ಸ್ಕ್ವೇರ್‌ನಲ್ಲಿ ಡಿಸೆಂಬರ್ ಹತ್ತಿರ ಬರುವಾಗ ಜರ್ಮನ್ ಕ್ರಿಸ್ಮಸ್ ಸಂತೆ ಕೂಡುತ್ತಿತ್ತು. ಅಲ್ಲಿ ಮಗಳಿಗೆ ಒಂದು ಪ್ರೆಟ್ಜೆಲ್ ಕೊಡಿಸಿದೆ. ಅವಳ ಮುಖದಷ್ಟು ದೊಡ್ಡದು, ಮೇಲೆ ಕಲ್ಲುಪ್ಪು. ಅವಳು ಅದನ್ನು ನೋಡಿ, 'ಅಪ್ಪಾ, ಗಂಟು ಹಾಕಿರೋ ಕೋಡುಬಳೆ' ಅಂದಳು. ಉಪ್ಪನ್ನೆಲ್ಲ ಕೆರೆದು ಹಾಕಿ ಅರ್ಧ ತಿಂದಳು. ವಾಪಸ್ ಬರುವ ದಾರಿಯಲ್ಲಿ ಹಾಲು ತರಲು ಹೋದಾಗ ಬಿಲ್ಲಿಂಗ್ ಕೌಂಟರ್ ಪಕ್ಕ ಈ ಪೊಟ್ಟಣಗಳ ಡಬ್ಬ ಇತ್ತು. ಹನ್ನೊಂದನೇ ಸೀರೀಸ್. ಅಳು ನಿಲ್ಲಿಸಲು ಒಂದು ಕೊಡಿಸಿದೆ, ಎರಡು ಪೌಂಡ್ ಚಿಲ್ಲರೆ. ಬಸ್ಸಿನಲ್ಲಿ ಹರಿದು ನೋಡಿದರೆ ಒಳಗೆ ಜರ್ಮನಿಯ ಬವೇರಿಯಾದ ಉಡುಪು ತೊಟ್ಟ ಹುಡುಗಿ, ಕೈಯಲ್ಲಿ ಹಿಡಿಯಲು ಉಗುರಿನಷ್ಟು ಪ್ರೆಟ್ಜೆಲ್! ಅಂಥ ಕಾಕತಾಳೀಯ ನನ್ನ ಜೀವನದಲ್ಲಿ ಇನ್ನೊಂದು ಆಗಿಲ್ಲ. ಅವತ್ತಿನಿಂದ ಅವಳ ಹೆಸರು ಕೋಡುಬಳೆ ಅಕ್ಕ. ಮಾರನೇ ವಾರ ಇನ್ನೊಂದು ಪೊಟ್ಟಣ ಕೊಡಿಸಿದೆ. ಅದರಲ್ಲಿ ಬಂದವನ ಕೈಯಲ್ಲಿ ತಿಂಡಿ ಇರಲಿಲ್ಲ. ಮಗಳು ಅವನನ್ನು ಪೊಟ್ಟಣಕ್ಕೇ ವಾಪಸ್ ಹಾಕಿ, 'ಇವನಿಗೆ ಊಟ ಇಲ್ಲ, ಬೇಡ' ಅಂದಳು. ಅಲ್ಲಿಗೆ ನಿಯಮ ಆಯಿತು.

ಈಗ ಒತ್ತಿ ನೋಡುವ ವಿದ್ಯೆಗೆ ಬರೋಣ. ಇದನ್ನು ಯಾರೂ ಕಲಿಸುವುದಿಲ್ಲ, ತಪ್ಪು ಮಾಡಿಯೇ ಕಲಿಯಬೇಕು. ನನಗೆ ಹಿಡಿತ ಬರಲು ಸುಮಾರು ಇಪ್ಪತ್ತು ಪೊಟ್ಟಣ ಬೇಕಾಯಿತು. ಅದರಲ್ಲಿ ಏಳು ಬೇಡದವು.

ಮೊದಲು ಪೊಟ್ಟಣವನ್ನು ಮೇಲಿನಿಂದ ಹಿಡಿದು ಮೆಲ್ಲಗೆ ಅಲ್ಲಾಡಿಸಬೇಕು. ಎಲ್ಲ ಚೂರುಗಳೂ ಕೆಳಗಿನ ಒಂದು ಮೂಲೆಗೆ ಬರುತ್ತವೆ. ಒಳಗೆ ಮಡಚಿದ ಒಂದು ಕಾಗದ ಇರುತ್ತದೆ, ಅದು ಮಹಾ ಮೋಸಗಾರ. ಅದರ ಮಡಿಕೆ ಬೆರಳಿಗೆ ಕತ್ತಿಯ ಹಾಗೆ, ಕೋಲಿನ ಹಾಗೆ, ಏನೇನೋ ಆಗಿ ಸಿಗುತ್ತದೆ. ಅದನ್ನು ಹಿಂದಕ್ಕೆ ತಳ್ಳಬೇಕು. ಆಮೇಲೆ ಎಲ್ಲರಲ್ಲೂ ಇರುವುದನ್ನು ಒಂದೊಂದಾಗಿ ಗುರುತಿಸಿ ಪಕ್ಕಕ್ಕೆ ಸರಿಸಬೇಕು. ನಿಲ್ಲಿಸುವ ಚಪ್ಪಟೆ ತಟ್ಟೆ, ಅದರ ಗುಬುಟುಗಳು. ಜೋಡಿಸಿಯೇ ಬರುವ ಕಾಲು. ಕೈ ಸಮೇತದ ಎದೆ. ಗುಂಡು ತಲೆ. ಇಷ್ಟನ್ನು ಕಳೆದ ಮೇಲೆ ಉಳಿಯುವುದು ಎರಡೋ ಮೂರೋ ಚೂರು. ಕೂದಲೋ ಟೋಪಿಯೋ ಒಂದು, ಕೈಗೆ ಹಿಡಿಸುವುದು ಇನ್ನೊಂದು. ಅಲ್ಲಿ ಕಣ್ಣು ಮುಚ್ಚಿಕೊಳ್ಳಬೇಕು. ನಿಜವಾಗಿ ಹೇಳುತ್ತೇನೆ, ಕಣ್ಣು ತೆರೆದಿದ್ದರೆ ಪೊಟ್ಟಣದ ಮೇಲಿನ ಚಿತ್ರವೇ ತಲೆಯಲ್ಲಿ ಕೂತುಬಿಡುತ್ತದೆ.

ಸೇಬು ಸುಲಭ. ದುಂಡಗೆ, ನುಣ್ಣಗೆ, ಮೇಲೊಂದು ಚೂಪು. ಹನ್ನೆರಡನೇ ಸೀರೀಸ್‌ನಲ್ಲಿ ಹಂದಿ ವೇಷದವನ ಕೈಯಲ್ಲಿ ಸೇಬು ಇತ್ತು. ಅವನ ಮೂತಿಯೂ ಬೆರಳಿಗೆ ಚೆನ್ನಾಗಿ ಸಿಗುತ್ತಿತ್ತು, ಹಾಗಾಗಿ ಮೊದಲ ಸಲಕ್ಕೇ ಸಿಕ್ಕ. ಪ್ರೆಟ್ಜೆಲ್ ಇನ್ನೂ ಸುಲಭ, ಅದರ ತೂತುಗಳು ಪೊಟ್ಟಣದ ಮೇಲಿನಿಂದಲೇ ಗೊತ್ತಾಗುತ್ತವೆ. ಕಷ್ಟ ಅಂದರೆ ಡೋನಟ್. 2014ರಲ್ಲಿ ಸಿಂಪ್ಸನ್ಸ್ ಎಂಬ ಟಿವಿ ಕಾರ್ಟೂನಿನವರ ಸೀರೀಸ್ ಬಂತು. ಹೋಮರ್ ಕೈಗೆ ಒಂದು ಡೋನಟ್, ಒಂದು ಟಿವಿ ರಿಮೋಟ್. ಪೊಲೀಸ್ ಮುಖ್ಯಸ್ಥ ವಿಗಮ್‌ಗೂ ಡೋನಟ್. ಆ ಡೋನಟ್ ಎಂಟು ಮಿಲಿಮೀಟರ್ ಅಗಲದ ಒಂದು ದುಂಡು ಬಿಲ್ಲೆ, ಮೇಲೆ ಗುಲಾಬಿ ಕೆನೆಯ ಚಿತ್ರ, ಅಷ್ಟೇ. ಚಿತ್ರ ಬೆರಳಿಗೆ ಎಲ್ಲಿಂದ ಸಿಗಬೇಕು? ಪುಣ್ಯಕ್ಕೆ ಆ ಸೀರೀಸ್‌ನಲ್ಲಿ ತಲೆಗಳೇ ಬೇರೆ ಬೇರೆ ಆಕಾರ. ಹೋಮರನ ಬೋಳುತಲೆ ಹಿಡಿದೇ ಡೋನಟ್ ಹಿಡಿಯಬೇಕಾಯಿತು.

ಅಂಗಡಿಯವರು ಸುಮ್ಮನಿರುತ್ತಿದ್ದರಾ ಅಂತ ಕೇಳಬಹುದು. ಒಂದು ಸಲ ಒಬ್ಬ ಸೆಕ್ಯೂರಿಟಿಯವನು ಹತ್ತು ನಿಮಿಷ ನನ್ನನ್ನೇ ನೋಡಿ, ಕೊನೆಗೆ ಹತ್ತಿರ ಬಂದ. ಮೂವತ್ತೈದು ದಾಟಿದ ಗಂಡಸು ಕಣ್ಣು ಮುಚ್ಚಿ ಆಟಿಕೆ ಪೊಟ್ಟಣ ಹಿಸುಕುತ್ತಾ ನಿಂತರೆ ಯಾರಿಗಾದರೂ ಅನುಮಾನ ಬಂದೇ ಬರುತ್ತದೆ. ನಾನು ತಡವರಿಸುತ್ತಾ ವಿವರಿಸಿದೆ. ಅವನು, 'ಹಾಟ್ ಡಾಗ್ ಹುಡುಕ್ತಿದ್ದೀರಾ? ಬೆಳಿಗ್ಗೆಯೇ ಒಬ್ಬರು ತಗೊಂಡು ಹೋದರು' ಅಂದ.

ಹೌದು, ಆ ಹಾಟ್ ಡಾಗ್ ಮನುಷ್ಯ. 2015ರ ಹದಿಮೂರನೇ ಸೀರೀಸ್. ಬನ್ನಿನ ನಡುವೆ ಸಾಸೇಜು, ಸಾಸೇಜಿನ ನಡುವೆ ಒಂದು ಮುಖ, ಕೆಳಗೆ ಎರಡು ಕಾಲು. ನೋಡಿದರೆ ನಗು ತಡೆಯಲಾಗದು. ಅವನ ವೇಷ ಒಂದೇ ದೊಡ್ಡ ತುಂಡು, ಒತ್ತಿದರೆ ತಕ್ಷಣ ಗೊತ್ತಾಗುತ್ತದೆ. ತೊಂದರೆಯೇ ಅದು. ನನಗೆ ಗೊತ್ತಾದರೆ ಎಲ್ಲರಿಗೂ ಗೊತ್ತಾಗುತ್ತದೆ ಅಲ್ವಾ? ಒಂದು ಡಬ್ಬದಲ್ಲಿ ಅರವತ್ತು ಪೊಟ್ಟಣ. ನಾನು ಹೋಗುವಷ್ಟರಲ್ಲಿ ಯಾರೋ ಜಾಲಿಸಿ ಹೋಗಿರುತ್ತಿದ್ದರು. ನಾಲ್ಕು ಅಂಗಡಿ ಸುತ್ತಿದ ಮೇಲೆ, ಒಂದು ಪೆಟ್ರೋಲ್ ಬಂಕಿನ ಪುಟ್ಟ ಅಂಗಡಿಯಲ್ಲಿ ಅವನು ಸಿಕ್ಕ. ಅದೇ ಸೀರೀಸ್‌ನಲ್ಲಿ ಪೇಟ ಸುತ್ತಿದ ಹಾವಾಡಿಗನೂ ಇದ್ದ. ಅವನು ನಮ್ಮ ಕಡೆಯವನ ಹಾಗೆ ಕಂಡ, ಆದರೆ ತಿನ್ನಲು ಏನೂ ತಂದಿರಲಿಲ್ಲ. ಮಗಳ ನಿಯಮದ ಪ್ರಕಾರ ಅವನನ್ನು ಬಿಟ್ಟೆವು. ಈಗ ಅದಕ್ಕೆ ಸ್ವಲ್ಪ ಬೇಜಾರಿದೆ.

ನಾವು ಲೀಡ್ಸ್‌ಗೆ ಬರುವ ಮೊದಲೇ ಬಂದು ಹೋದವರೂ ಇದ್ದರಲ್ಲ. ಮೂರನೇ ಸೀರೀಸ್‌ನ ಗೊರಿಲ್ಲಾ ವೇಷದವನು, ಐದನೇ ಸೀರೀಸ್‌ನ ಮೃಗಾಲಯದ ಹುಡುಗಿ. ಇವನ ಕೈಗೂ ಬಾಳೆಹಣ್ಣು, ಅವಳ ಚಿಂಪಾಂಜಿಗೂ ಬಾಳೆಹಣ್ಣು. ಇವರು ಅಂಗಡಿಯಲ್ಲಿ ಸಿಗುವುದಿಲ್ಲ. ಹಳೇ ಲೆಗೋ ಬಿಡಿ ಬಿಡಿಯಾಗಿ ಮಾರುವ ಬ್ರಿಕ್‌ಲಿಂಕ್‌ನಲ್ಲಿ ಕೊಳ್ಳಬೇಕು. ಗೊರಿಲ್ಲಾವನ್ನು ತರಿಸಿದೆ. ಗೊರಿಲ್ಲಾ ಬಂದ, ಬಾಳೆಹಣ್ಣು ಬರಲಿಲ್ಲ. ಮಾರಿದವನು ವಿವರದಲ್ಲಿ ಸಣ್ಣ ಅಕ್ಷರದಲ್ಲಿ 'ಆಕ್ಸೆಸರಿ ಇಲ್ಲ' ಅಂತ ಬರೆದಿದ್ದ, ನಾನೇ ಓದಿರಲಿಲ್ಲ. ಸರಿ, ಬಾಳೆಹಣ್ಣನ್ನೇ ಬೇರೆ ಕೊಳ್ಳೋಣ ಅಂತ ನೋಡಿದರೆ ಹಣ್ಣಿಗೆ ಕೆಲವೇ ಪೆನ್ಸ್, ಅಂಚೆಗೆ ಎರಡು ಪೌಂಡ್. ಕೆ.ಆರ್. ಮಾರ್ಕೆಟ್ಟಿನಿಂದ ಒಂದೇ ಒಂದು ಬಾಳೆಹಣ್ಣನ್ನು ಆಟೋದಲ್ಲಿ ತಂದ ಹಾಗೆ.

ಅಂಚೆ ದುಡ್ಡು ದಂಡ ಆಗಬಾರದು ಅಂತ ಬುಟ್ಟಿ ತುಂಬಿಸಿದೆ. ಬಾಳೆಹಣ್ಣು ಹತ್ತು, ಕ್ಯಾರೆಟ್ ಆರು, ಸೇಬು, ಚೆರಿ, ಕೋಳಿ ಕಾಲು, ಸಾಸೇಜು, ಉದ್ದ ಬ್ರೆಡ್ಡು, ಐಸ್‌ಕ್ರೀಮ್ ಉಂಡೆ, ಬಿಳಿ ಬಣ್ಣದ ಕ್ರೋಸಾಂಗಳು, ಅಂದರೆ ಅರ್ಧಚಂದ್ರದ ಆಕಾರದ ಫ್ರೆಂಚ್ ಬನ್ನು. ಬಿಳಿ ಕ್ರೋಸಾಂ ಯಾರು ತಿನ್ನುತ್ತಾರೆ ಅಂತ ಅನ್ನಿಸಬಹುದು. ಅದು ತಿನ್ನಲಿಕ್ಕಲ್ಲ. ಲೆಗೋದವರು 2014ರಲ್ಲಿ ತಂದ ಪ್ಯಾರಿಸ್ ರೆಸ್ಟೋರೆಂಟ್ ಸೆಟ್ಟಿನಲ್ಲಿ ಕಟ್ಟಡದ ಮೇಲ್ಭಾಗದ ಅಲಂಕಾರಕ್ಕೆ ಬಿಳಿ ಕ್ರೋಸಾಂಗಳನ್ನೇ ಸಾಲಾಗಿ ಕೂರಿಸಿದ್ದಾರೆ. ದೂರದಿಂದ ಕಲ್ಲಿನ ಕೆತ್ತನೆ, ಹತ್ತಿರ ಹೋದರೆ ಬೆಳಗಿನ ತಿಂಡಿ. ಈ ತಮಾಷೆ ಗೊತ್ತಾದಾಗ ನನಗಾದ ಖುಷಿ ಆಫೀಸಿನಲ್ಲಿ ಯಾರಿಗೂ ಅರ್ಥ ಆಗಲಿಲ್ಲ.

ಇಷ್ಟನ್ನು ಎಲ್ಲಿಡುವುದು? ಮನೆಯಲ್ಲಿ ಊರಿನಿಂದ ತಂದ ಎರಡು ಒಗ್ಗರಣೆ ಡಬ್ಬಿ ಇದ್ದವು. ಒಂದರಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ, ಉದ್ದಿನಬೇಳೆ. ಇನ್ನೊಂದು ಖಾಲಿ. ಸ್ಟೀಲಿನ ದುಂಡು ಡಬ್ಬಿ, ಒಳಗೆ ಏಳು ಬಟ್ಟಲು. ಹೇಳಿ ಮಾಡಿಸಿದ ಹಾಗಿತ್ತು. ಸಾಸಿವೆ ಬಟ್ಟಲಿನ ಜಾಗದಲ್ಲಿ ಚೆರಿ, ಕಡಲೆಬೇಳೆ ಜಾಗದಲ್ಲಿ ಬಾಳೆಹಣ್ಣು. ಆ ಬೇಸಿಗೆಯಲ್ಲಿ ಅಮ್ಮ ಬಂದಿದ್ದಳು. ಮೊದಲ ದಿನವೇ ಸಾರಿನ ಒಗ್ಗರಣೆಗೆ ಎಣ್ಣೆ ಕಾಯಿಸಿ, ತಪ್ಪು ಡಬ್ಬಿಯ ಮುಚ್ಚಳ ತೆಗೆದಳು. ಎಣ್ಣೆ ಹೊಗೆಯಾಡುತ್ತಿತ್ತು, ಅವಳು ಚಮಚದಲ್ಲಿ ಕೋಳಿ ಕಾಲು ಎತ್ತಿ ಹಿಡಿದು ನಿಂತಿದ್ದಳು. 'ಇದೇನೋ ಇದು, ಮಾಂಸ' ಅಂದಳು. ನಮ್ಮ ಮನೆ ಸಸ್ಯಾಹಾರಿ. ಪ್ಲಾಸ್ಟಿಕ್ ಅಂತ ಗೊತ್ತಾದ ಮೇಲೂ ಆ ಚಮಚವನ್ನು ಮೂರು ಸಲ ತೊಳೆದಳು.

2016ರಲ್ಲಿ ಬೆಂಗಳೂರಿಗೆ ವಾಪಸ್ ಬಂದೆವು. ಡಬ್ಬಿಯನ್ನು ಕೈಚೀಲದಲ್ಲೇ ತಂದೆ. ವಿಮಾನ ನಿಲ್ದಾಣದಲ್ಲಿ ಅದನ್ನು ತೆಗೆಸಿ ನೋಡಿದರು, ನಕ್ಕರು, ಬಿಟ್ಟರು.

ಬೆಂಗಳೂರಿನಲ್ಲಿ ನನ್ನ ವಿದ್ಯೆಗೆ ಬೆಲೆ ಇರಲಿಲ್ಲ. ನಾನು ಹೋದ ಅಂಗಡಿಗಳಲ್ಲಿ ಪೊಟ್ಟಣಗಳು ಕೌಂಟರಿನ ಹಿಂದೆ ಇರುತ್ತಿದ್ದವು. 'ಸರ್, ಮುಟ್ಟೋ ಹಾಗಿಲ್ಲ, ಎಷ್ಟು ಬೇಕು ಹೇಳಿ' ಅನ್ನುತ್ತಿದ್ದರು. ಬೆಂಡೆಕಾಯಿ ಅಂಗಡಿಯವನೂ ಹಾಗೆ ಅನ್ನುವುದಿಲ್ಲ. 2017ರಲ್ಲಿ ಹದಿನೇಳನೇ ಸೀರೀಸ್‌ನಲ್ಲಿ ಜೋಳದ ತೆನೆ ಮನುಷ್ಯ ಬಂದ. ಮುಸುಕಿನ ಜೋಳ ನಮ್ಮ ತಿಂಡಿ, ಸುಟ್ಟು ನಿಂಬೆ ಖಾರ ಹಚ್ಚಿ ತಿನ್ನುವುದು. ಅವನನ್ನು ಬಿಡುವ ಹಾಗಿರಲಿಲ್ಲ. ಮೂರು ಪೊಟ್ಟಣ ಸುಮ್ನೆ ಕೊಂಡೆ, ಮೂರೂ ಬೇರೆಯವರು. ಆಮೇಲೆ ಪರಿಚಯದವರೊಬ್ಬರ ಹತ್ತಿರ ಎರಡಕ್ಕೆ ಒಂದು ಅಂತ ಅದಲು ಬದಲು ಮಾಡಿಕೊಂಡೆ. 2018 ಮಿನಿಫಿಗರ್‌ಗೆ ನಲವತ್ತು ತುಂಬಿದ ವರ್ಷ. ಹದಿನೆಂಟನೇ ಸೀರೀಸ್ ಬಹುತೇಕ ಪಾರ್ಟಿಗೆ ವೇಷ ತೊಟ್ಟು ಬಂದವರದು. ಅದರಲ್ಲಿ ಕೇಕ್ ವೇಷದವನು ಹಾಗೇ ಸಿಕ್ಕಿದ, ಬರೀ ಅದೃಷ್ಟ. ಕಲ್ಲಂಗಡಿ ವೇಷದವನು 2019ರಲ್ಲಿ, ಬಟಾಣಿ ಕಾಯಿಯೊಳಗಿನ ಹುಡುಗಿ 2020ರಲ್ಲಿ. ಅವಳನ್ನು ಲಾಕ್‌ಡೌನ್ ಮುಗಿದ ಮೇಲೆ ತರಿಸಿದೆ.

ನಡುವೆ ಪಿಜ್ಜಾ ವೇಷದವನ ಕತೆ ಇದೆ. ಹತ್ತೊಂಬತ್ತನೇ ಸೀರೀಸ್‌ನವನು. ಆನ್‌ಲೈನಿನಲ್ಲಿ ಯಾರೋ ಅರ್ಧ ಬೆಲೆಗೆ ಕೊಡುತ್ತಿದ್ದರು. ಅರ್ಧ ಬೆಲೆ ಅಂದಾಗಲೇ ಎಚ್ಚರ ಆಗಬೇಕಿತ್ತು. ಬಂದ ಪೊಟ್ಟಣ ಬಿಚ್ಚಿ ಕೈಗೆತ್ತಿಕೊಂಡ ಕೂಡಲೇ ಬೆರಳು ಹೇಳಿತು, ಇದು ಸರಿಯಿಲ್ಲ ಅಂತ. ಪ್ಲಾಸ್ಟಿಕ್ಕು ಹಗುರ, ಅಂಚಿನಲ್ಲಿ ಉಗುರಿಗೆ ಸಿಗುವ ಏಣು. ಕೈಗಳು ಗಾಳಿಗೆ ತೂಗಾಡುತ್ತಿದ್ದವು. ಪೆಪೆರೋನಿ ಚಿತ್ರ ಒಂದು ಕಡೆ ಸರಿದು ಅರ್ಧ ಅಂಚಿನ ಮೇಲೆ ಹತ್ತಿತ್ತು. ಅಸಲಿ ಆದರೆ ತಟ್ಟೆಯ ಪ್ರತಿ ಗುಬುಟಿನ ಮೇಲೂ, ತಲೆ ಕಳಚಿದರೆ ಕತ್ತಿನ ಗೂಟದ ಮೇಲೂ ಲೆಗೋ ಅಂತ ತುಂಬಾ ಸಣ್ಣಗೆ ಅಚ್ಚಾಗಿರುತ್ತದೆ. ಇವನ ಗುಬುಟುಗಳು ಬೋಳು. ದುಡ್ಡು ವಾಪಸ್ ಕೇಳಿದರೆ 'ಮಗು ಆಟ ಆಡುತ್ತೆ ತಾನೇ ಸರ್' ಅಂತ ಉತ್ತರ ಬಂತು. ನಮ್ಮ ಮನೆಯಲ್ಲಿ ಮಗು ಆಡುವುದನ್ನು ಬಿಟ್ಟು ಎರಡು ವರ್ಷ ಆಗಿತ್ತು, ಆಡುತ್ತಿದ್ದವನು ನಾನು. ಅದನ್ನು ಹೇಗೆ ಹೇಳುವುದು?

ಬೆಂಗಳೂರಿನ ಮನೆಯಲ್ಲಿ ಇನ್ನೊಂದು ಶತ್ರು ಪೊರಕೆ. ಕೆಲಸಕ್ಕೆ ಬರುವ ಅಕ್ಕ ಒಂದು ದಿನ ಅಂಗೈಯಲ್ಲಿ ಏನನ್ನೋ ಹಿಡಿದು ಬಂದು, 'ಸಾರ್, ಪಾಪುದು ಹಲ್ಲು ಬಿದ್ದೈತೆ ನೋಡಿ' ಅಂದರು. ಬಿಳಿ ಐಸ್‌ಕ್ರೀಮ್ ಉಂಡೆ. ಪಾಪುಗೆ ಆಗ ಹನ್ನೊಂದು ವರ್ಷ. ಆ ಉಂಡೆ ಉಳಿಯಿತು, ಆದರೆ ಎಲ್ಲವೂ ಉಳಿಯಲಿಲ್ಲ. ಒಂದು ದೀಪಾವಳಿಗೆ ಮನೆ ಪೂರ್ತಿ ಗುಡಿಸಿ ಒರೆಸಿದಾಗ ಕೋಡುಬಳೆ ಅಕ್ಕನ ಪ್ರೆಟ್ಜೆಲ್ ಹೋಯಿತು. ಕಸದ ಬುಟ್ಟಿ ಸುರಿದು ನೋಡಿದೆ, ಸೋಫಾ ಎತ್ತಿದೆ, ಸಿಗಲಿಲ್ಲ. ಶೆಲ್ಫಿನ ಮೇಲೆ ಅವಳು ಬರಿಗೈಯಲ್ಲಿ ನಿಂತಳು. ಈ ಮನುಷ್ಯರ ಕೈ ನೋಡಿದ್ದೀರಲ್ಲ, ಇಂಗ್ಲಿಷಿನ 'ಸಿ' ಅಕ್ಷರದ ಹಾಗೆ ಬಾಗಿ ಯಾವಾಗಲೂ ಏನನ್ನೋ ಹಿಡಿಯಲು ಕಾಯುತ್ತಿರುತ್ತದೆ. ಖಾಲಿ ಇದ್ದರೆ ತುಂಬಾ ಖಾಲಿಯಾಗಿ ಕಾಣುತ್ತದೆ.

ಬ್ರಿಕ್‌ಲಿಂಕ್‌ನಲ್ಲಿ ಪ್ರೆಟ್ಜೆಲ್ ಸಿಗುತ್ತದೆ. ಆದರೆ ಮತ್ತೆ ಅದೇ ಅಂಚೆ ಲೆಕ್ಕ, ಈ ಸಲ ಯುರೋಪಿನಿಂದ ಬೆಂಗಳೂರಿಗೆ. ಮುಂದಕ್ಕೆ ಹಾಕಿದೆ.

2023ರ ಸೆಪ್ಟೆಂಬರಿನಲ್ಲಿ ಪೊಟ್ಟಣವೇ ಹೋಯಿತು. ಪ್ಲಾಸ್ಟಿಕ್ ಕಡಿಮೆ ಮಾಡಬೇಕು ಅಂತ ಕಂಪನಿಯವರು ಮಾರ್ವೆಲ್ ಸೂಪರ್‌ಹೀರೋಗಳ ಎರಡನೇ ಸೀರೀಸ್‌ನಿಂದ ರಟ್ಟಿನ ಡಬ್ಬಿಗೆ ಬಂದರು. ಕಾರಣ ಒಳ್ಳೆಯದೇ, ಬೈಯುವ ಹಾಗಿಲ್ಲ. ಆದರೆ ರಟ್ಟಿನ ಡಬ್ಬಿ ಒತ್ತಿದರೆ ರಟ್ಟು ಮಾತ್ರ ಸಿಗುತ್ತದೆ. ಹತ್ತು ವರ್ಷದ ವಿದ್ಯೆ ಒಂದೇ ದಿನಕ್ಕೆ ಕೆಲಸಕ್ಕೆ ಬಾರದೆ ಹೋಯಿತು. ಕೆಲವರು ಡಬ್ಬಿ ಮೇಲಿನ ಕೋಡನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿ ಒಳಗಿರುವವರನ್ನು ಹಿಡಿಯತೊಡಗಿದರು. ನನಗೆ ಅದು ಪರೀಕ್ಷೆಯಲ್ಲಿ ಕಾಪಿ ಹೊಡೆದ ಹಾಗೆ ಅನ್ನಿಸಿತು. ಬೆರಳಿನಲ್ಲಿ ನೋಡುವುದೂ ಒಂದು ಥರ ಕಾಪಿಯೇ ಅಂತ ಹೆಂಡತಿ ಹೇಳಿದಳು. ಅಲ್ಲ. ಅದಕ್ಕೆ ಕಷ್ಟಪಡಬೇಕು.

ತೂಕ ಮಾಡಿ ನೋಡುವವರೂ ಇದ್ದಾರೆ. ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ ನಾನೂ ತರಿಸಿದೆ. ಮನೆಯಲ್ಲಿದ್ದ ಒಂದೇ ಥರದ ಎರಡು ಮನುಷ್ಯರನ್ನು ಡಬ್ಬಿ ಸಮೇತ ತೂಗಿದೆ, ತೂಕ ಬೇರೆ ಬೇರೆ ಬಂತು. ವ್ಯತ್ಯಾಸ ಮನುಷ್ಯನದಲ್ಲ, ರಟ್ಟಿನದು. ಬಾಳೆಹಣ್ಣು ಎಷ್ಟು ತೂಗುತ್ತೆ ಅಂತ ನೋಡಿದೆ, ರಟ್ಟಿನ ಏರಿಳಿತದಲ್ಲೇ ಅದು ಮುಚ್ಚಿಹೋಗುತ್ತಿತ್ತು. ತಕ್ಕಡಿಯನ್ನು ಹೆಂಡತಿ ಈಗ ಏಲಕ್ಕಿ ಕೇಸರಿ ತೂಗಲು ಇಟ್ಟುಕೊಂಡಿದ್ದಾಳೆ.

ಕೊಳ್ಳುವುದು ನಿಂತಿತು. ಬೆರಳು ಸುಮ್ಮನಿರಲಿಲ್ಲ.

ಕಳೆದ ವರ್ಷ ಒಂದು ಭಾನುವಾರ ಡಬ್ಬಿ ತೆಗೆದು ಕೂತಿದ್ದಾಗ ಬಿಳಿ ದುಂಡು ಬಿಲ್ಲೆ ಒಂದು ಕಣ್ಣಿಗೆ ಬಿತ್ತು. ಡೋನಟ್‌ನ ಅಳತೆಯದೇ, ಮೇಲೆ ಚಿತ್ರ ಇಲ್ಲ. ಇದು ಇಡ್ಲಿ ಅಲ್ವಾ! ಇಷ್ಟು ವರ್ಷ ಇಡ್ಲಿಯನ್ನು ಬಿಲ್ಲೆ ಅಂದುಕೊಂಡಿದ್ದೆ. ಪಕ್ಕದಲ್ಲೇ ನಡುವೆ ತೂತಿರುವ ಕಂದು ದುಂಡು ಪ್ಲೇಟು, ಅದು ಸಾಕ್ಷಾತ್ ಉದ್ದಿನ ವಡೆ. ಎರಡಿಡ್ಲಿ ಒಂದು ವಡೆ ರೆಡಿ. ನನ್ನ ಡಬ್ಬಿಯಲ್ಲಿ ಸಾಸೇಜು, ಕ್ರೋಸಾಂ, ಪಿಜ್ಜಾ ಎಲ್ಲ ಇತ್ತು, ನಮ್ಮ ತಿಂಡಿ ಒಂದೂ ಇರಲಿಲ್ಲ. ಹೋಟೆಲ್ ಮಾಣಿಯ ಕೆಲಸಕ್ಕೆ ಹಾಟ್ ಡಾಗ್ ಮನುಷ್ಯನನ್ನೇ ನಿಲ್ಲಿಸಿದೆ. ಮಗಳು ಬಂದು ನೋಡಿದಳು. ಅವಳಿಗೆ ಈಗ ಹದಿನೈದು ದಾಟಿದೆ, ಇಂಥದ್ದಕ್ಕೆಲ್ಲ ಹುಬ್ಬು ಮಾತ್ರ ಏರಿಸುತ್ತಾಳೆ. ಆದರೆ ಶೆಲ್ಫಿನ ಕಡೆ ನೋಡಿ, 'ಕೋಡುಬಳೆ ಅಕ್ಕಂಗೆ ಕೋಡುಬಳೆನೇ ಮಾಡಿಕೊಡು, ಪ್ರೆಟ್ಜೆಲ್ ಯಾಕೆ' ಅಂದು ಹೋದಳು.

ಪಾಲಿಮರ್ ಕ್ಲೇ ಅಂತ ಒಂದು ಮಣ್ಣು ಸಿಗುತ್ತದೆ. ನಿಜವಾಗಿ ಮಣ್ಣಲ್ಲ, ಅದೂ ಪ್ಲಾಸ್ಟಿಕ್ಕೇ. ಹಿಟ್ಟಿನ ಹಾಗೆ ನಾದಿ, ಆಕಾರ ಕೊಟ್ಟು, ಸುಮಾರು 130 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿದರೆ ಗಟ್ಟಿಯಾಗುತ್ತದೆ. ಅಡುಗೆಗೆ ಬಳಸದ ಹಳೇ ಓವನ್ ಒಂದು ಅಟ್ಟದಲ್ಲಿತ್ತು. ಮೊದಲು ದೋಸೆ ಮಾಡಿದೆ. ತೆಳ್ಳಗೆ ಲಟ್ಟಿಸಿ, ಹಲ್ಲುಕಡ್ಡಿಗೆ ಸುತ್ತಿ, ಕೆಂಪು ಕಂದು ಪುಡಿ ಬಣ್ಣ ಸವರಿದೆ. ತಟ್ಟೆಯ ಮೇಲೆ ಸರಿಯಾಗಿ ಕೂರಲಿ ಅಂತ ಲೆಗೋ ದುಂಡು ತಟ್ಟೆಯ ಮೇಲೆಯೇ ಇಟ್ಟು ಓವನ್ನಿಗೆ ತಳ್ಳಿದೆ. ಅರ್ಧ ಗಂಟೆ ಬಿಟ್ಟು ತೆಗೆದರೆ ದೋಸೆ ಚೆನ್ನಾಗಿತ್ತು. ತಟ್ಟೆ ಹಪ್ಪಳದ ಹಾಗೆ ಮುದುಡಿತ್ತು. ಲೆಗೋದ ಎಬಿಎಸ್ ಪ್ಲಾಸ್ಟಿಕ್ 105 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಅದನ್ನು ಮೊದಲೇ ಓದಿದ್ದೆ, ಉತ್ಸಾಹದಲ್ಲಿ ಮರೆತಿದ್ದೆ.

ಕೋಡುಬಳೆಯ ಕಷ್ಟ ಬೇರೆ. ಅದನ್ನು ತಟ್ಟೆಯಲ್ಲಿ ಇಡುವುದಲ್ಲ, ಅವಳು ಕೈಯಲ್ಲಿ ಹಿಡಿಯಬೇಕು. ಮಿನಿಫಿಗರ್ ಕೈ ಹಿಡಿಯುವುದು 3.2 ಮಿಲಿಮೀಟರ್ ದಪ್ಪದ ಕಡ್ಡಿಯನ್ನು. ಕತ್ತಿಯ ಹಿಡಿ, ಪೊರಕೆಯ ಕೋಲು, ಎಲ್ಲಕ್ಕೂ ಅದೇ ಅಳತೆ. ಕೋಡುಬಳೆ ಹೊಸೆದದ್ದು ಅದಕ್ಕಿಂತ ಸಣ್ಣ ಆದರೆ ಜಾರುತ್ತದೆ, ದಪ್ಪ ಆದರೆ ಕೈ ಸೀಳುತ್ತದೆ. ಕಣ್ಣಳತೆಯಲ್ಲಿ ಹೊಸೆದ ಮೊದಲ ನಾಲ್ಕೂ ಹಾಳಾದವು. ಮೂರು ಜಾರಿದವು. ನಾಲ್ಕನೆಯದನ್ನು ಪರೀಕ್ಷೆಗೆ ಅಂತ ನಕಲಿ ಪಿಜ್ಜಾದವನ ಕೈಗೆ ತುರುಕಿದೆ, ಅವನ ಹೆಬ್ಬೆರಳು ಚಟ್ ಅಂತ ಹೋಯಿತು. ಅವನಿಂದ ಆದ ಒಂದೇ ಉಪಕಾರ ಅದು.

ಆಮೇಲೆ ಹೊಳೆಯಿತು. ಲೆಗೋದ ಚಪ್ಪಟೆ ಟೈಲ್ ಇದೆಯಲ್ಲ, ಅದರ ದಪ್ಪವೂ 3.2 ಮಿಲಿಮೀಟರ್ರೇ. ಗಾಜಿನ ಮೇಲೆ ಎರಡು ಉದ್ದ ಟೈಲ್‌ಗಳನ್ನು ರೈಲು ಕಂಬಿಯ ಹಾಗೆ ಅಂಟಿಸಿದೆ. ನಡುವೆ ಕ್ಲೇ ಎಳೆ ಇಟ್ಟೆ. ಮೇಲೆ ಇನ್ನೊಂದು ಗಾಜಿನ ಚೂರು ಇಟ್ಟು ಹಿಂದೆ ಮುಂದೆ ಹೊಸೆದೆ. ಗಾಜು ಎರಡೂ ಟೈಲ್ ಮುಟ್ಟಿ ಸರಾಗ ಓಡಲು ಶುರುವಾದಾಗ ಎಳೆ ಸರಿಯಾಗಿ 3.2. ಒಂದು ಚಿಟಿಕೆ ಕೆಂಪು, ಒಂದು ಚಿಟಿಕೆ ಹಳದಿ, ಉಳಿದದ್ದು ಕಂದು ಬೆರೆಸಿದ್ದೆ. ಕರಿಬೇವಿನ ಚೂರಿನ ಹಾಗೆ ಕಾಣಲಿ ಅಂತ ಗಾಢ ಹಸಿರನ್ನು ಬೇರೆ ಬೇಯಿಸಿ, ತುರಿದು, ಸೇರಿಸಿದೆ. ಎಳೆ ಕತ್ತರಿಸಿ ಪೆನ್ನಿನ ರೀಫಿಲ್ಲಿಗೆ ಸುತ್ತಿ ತುದಿ ಒತ್ತಿದೆ. ಆರು ಕೋಡುಬಳೆ. ಹಳೇ ಟೈಲ್ ಮೇಲೆ ಟಿಶ್ಯೂ, ಅಂದರೆ ಬಚ್ಚಲು ಮನೆಯ ಟೈಲ್, ಲೆಗೋದ್ದಲ್ಲ, ಈ ಸಲ ಮರೆಯಲಿಲ್ಲ. ಅದರ ಮೇಲೆ ಸಾಲಾಗಿ ಇಟ್ಟು ಓವನ್ನಿಗೆ ಹಾಕಿದೆ.

ತೆಗೆದು ಆರಿಸಿದೆ. ಒಂದನ್ನು ಎತ್ತಿ ಅಕ್ಕನ ಕೈಗೆ ಒತ್ತಿದೆ. ಸಣ್ಣ ಟಿಕ್ ಸದ್ದು, ಕೂತಿತು. ಬುಡಮೇಲು ಮಾಡಿದೆ, ಬೀಳಲಿಲ್ಲ.

ಅಮ್ಮ ಆಗ ನಮ್ಮ ಮನೆಯಲ್ಲೇ ಇದ್ದಳು. ಊಟದ ಮೇಜಿನ ಮೇಲೆ ಉಳಿದ ಐದನ್ನೂ ಒಂದು ಲೋಟದ ಮುಚ್ಚಳದಲ್ಲಿ ಹಾಕಿ ಅವಳ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ನೋಡಿದಳು. ಪ್ರತಿ ಗೌರಿ ಹಬ್ಬಕ್ಕೂ ದೊಡ್ಡ ಡಬ್ಬಿ ತುಂಬ ಕೋಡುಬಳೆ ಕರಿಯುವವಳು ಅವಳು. ಬಣ್ಣ ಚೆನ್ನಾಗಿದೆ ಅಂದಳು. ಕರಿಬೇವು ಜಾಸ್ತಿ ಆಯ್ತು ಅಂದಳು. ಆಮೇಲೆ ಒಂದನ್ನು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟುಕೊಂಡು, ಕಣ್ಣು ಬೇರೆ ಕಡೆ ತಿರುಗಿಸಿ ಮೆಲ್ಲಗೆ ಒತ್ತಿದಳು.

'ಒಳಗೆ ಇನ್ನೂ ಹಸಿ ಇದೆ ಕಣೋ' ಅಂದಳು.

ಇದು ಹಿಟ್ಟಲ್ಲಮ್ಮ, ಪ್ಲಾಸ್ಟಿಕ್ಕು ಅಂತ ನಕ್ಕೆ. ಅವಳು ಏನೂ ಹೇಳದೆ ಎರಡು ಬೆರಳಲ್ಲಿ ಸ್ವಲ್ಪ ಬಾಗಿಸಿದಳು. ಕೋಡುಬಳೆ ಜೋಡಿಸಿದ ಜಾಗದಲ್ಲಿ ಬಿಟ್ಟುಕೊಂಡಿತು. ಒಳಗೆ ಬಣ್ಣ ಮಂಕಾಗಿ, ಮೇಣದ ಹಾಗೆ ಇತ್ತು. ಹಳೇ ಓವನ್ನಿನ ಗುಂಡಿ 130 ಅಂದರೂ ಒಳಗೆ ಅಷ್ಟು ಬಿಸಿ ಇರಲಿಲ್ಲ ಅಂತ ಥರ್ಮಾಮೀಟರ್ ಇಟ್ಟು ನೋಡಿದಾಗ ಗೊತ್ತಾಯಿತು. ಅಕ್ಕನ ಕೈಯಿಂದ ಅವಳದ್ದನ್ನೂ ಬಿಡಿಸಿಕೊಂಡು ಐದನ್ನೂ ಮತ್ತೆ ಒಳಗೆ ಹಾಕಿದೆ. ಅಮ್ಮ ಓವನ್ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು.